ಎರಡು ಸಿಮ್ ಇದ್ರೂ ಫೋನ್ ‘ನಾಟ್ ರೀಚಬಲ್’ ಯಾಕೆ?

ಯಲಹಂಕ, ರಾಜಾನುಕುಂಟೆ ಕಡೆ ಸೊಪ್ಪು-ತರಕಾರಿ ಬೆಳೆದು ಹೆಬ್ಬಾಳ, ಆರ್.ಟಿ. ನಗರದ ಮನೆಗಳಿಗೆ ನೇರವಾಗಿ ಕೊಡುವ ನಮ್ಮಂಥವರ ಫೋನಿನಲ್ಲಿ ಸಾಮಾನ್ಯವಾಗಿ ಎರಡು ಸಿಮ್ ಇರುತ್ತೆ. ಒಂದು ಹಳೇ ನಂಬರ್. ಬ್ಯಾಂಕು, ಆಧಾರ್, ಫ್ರೂಟ್ಸ್ ಐಡಿ ಎಲ್ಲ ಅದಕ್ಕೇ ಜೋಡಣೆ. ಇನ್ನೊಂದು ಗ್ರಾಹಕರಿಗೆ ಕೊಟ್ಟಿರುವ ನಂಬರ್.

ಹಳೇ ನಂಬರಿನಲ್ಲಿ ಯಶವಂತಪುರ ಯಾರ್ಡಿನ ಮಂಡಿಯವರ ಜೊತೆ ಹತ್ತು ನಿಮಿಷ ರೇಟು ಮಾತಾಡ್ತೀರಿ. ಅದೇ ಹೊತ್ತಿಗೆ ಅಪಾರ್ಟ್‌ಮೆಂಟಿನ ಗ್ರಾಹಕರು ಇನ್ನೊಂದು ನಂಬರಿಗೆ ಕರೆ ಮಾಡಿದ್ರೆ ಅವರಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಅಂತ ಕೇಳಿಸುತ್ತೆ. ನಿಮ್ಮ ಫೋನಿನಲ್ಲಿ ಮಿಸ್ಡ್ ಕಾಲ್ ಕೂಡ ಇರಲ್ಲ. ಆರ್ಡರ್ ಕೈತಪ್ಪುತ್ತೆ, ಕಟ್ಟಿಟ್ಟ ಸೊಪ್ಪು ಸಂಜೆಗೆ ಬಾಡುತ್ತೆ. ಇದು ಸಿಗ್ನಲ್ ತೊಂದರೆ ಅಲ್ಲ, ಫೋನ್ ಇರೋದೇ ಹಾಗೆ.

ಒಂದೇ ಬೋರು, ಎರಡು ಗೇಟ್ ವಾಲ್

ಒಂದು ಬೋರ್‌ವೆಲ್‌ನಿಂದ ಎರಡು ತಾಕಿಗೆ ನೀರು ಬಿಡ್ತೀವಲ್ಲ, ಹಾಗೇ ಇದು. ಹೆಚ್ಚಿನ ಫೋನುಗಳಲ್ಲಿ ಸಿಮ್ ಎರಡಿದ್ರೂ ಟವರ್ ಜೊತೆ ಮಾತಾಡುವ ರೇಡಿಯೋ ಒಂದೇ. ಫೋನ್ ಸುಮ್ಮನಿದ್ದಾಗ ಆ ರೇಡಿಯೋ ಸೆಕೆಂಡು, ಎರಡು ಸೆಕೆಂಡಿಗೊಮ್ಮೆ ಸರದಿಯಂತೆ ಎರಡೂ ನೆಟ್‌ವರ್ಕಿಗೆ ಕಿವಿಗೊಡುತ್ತೆ. ಅದಕ್ಕೇ ಎರಡು ನಂಬರೂ ರಿಂಗ್ ಆಗ್ತವೆ. ಆದರೆ ಒಂದರಲ್ಲಿ ಕರೆ ಶುರುವಾದ ಕೂಡಲೇ ರೇಡಿಯೋ ಪೂರ್ತಿ ಆ ಕಡೆ ಹೋಗುತ್ತೆ, ಇನ್ನೊಂದರ ವಾಲ್ ಮುಚ್ಚಿದ ಹಾಗೆ. ಇದಕ್ಕೆ ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ ಅಂತ ಹೆಸರು. ಎರಡೂ ಸಿಮ್ ಒಟ್ಟಿಗೇ ಕೆಲಸ ಮಾಡುವ ಡ್ಯುಯಲ್ ಆ್ಯಕ್ಟಿವ್ ಸೌಲಭ್ಯ ಕೆಲವೇ ಫೋನುಗಳಲ್ಲಿದೆ.

ಎಸ್ಸೆಮ್ಮೆಸ್ಸಿಗೂ ಇದೇ ಕಥೆ. ಒಂದು ಸಿಮ್‌ನಲ್ಲಿ ಮಾತಾಡ್ತಾ ಇನ್ನೊಂದಕ್ಕೆ ಓಟಿಪಿ ಕಾಯ್ತಿದ್ರೆ ಅದು ಬರದೇ ಇರಬಹುದು. ಮತ್ತೆ ಮತ್ತೆ ‘ರೀಸೆಂಡ್’ ಒತ್ತಬೇಡಿ. ಮೊದಲು ಕರೆ ಮುಗಿಸಿ.

ಕರೆ ತಪ್ಪದಂತೆ ಏನು ಮಾಡಬೇಕು?

1. ಫೋನ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಗ್ರಾಹಕರ ನಂಬರಿನ ಸಿಮ್ ಆರಿಸಿ, ಕಾಲ್ ಫಾರ್ವರ್ಡಿಂಗ್‌ಗೆ ಹೋಗಿ. ‘ವೆನ್ ಅನ್‌ರೀಚಬಲ್’ ಅನ್ನೋ ಕಡೆ ನಿಮ್ಮದೇ ಇನ್ನೊಂದು ನಂಬರ್ ಹಾಕಿ. ‘ಆಲ್ವೇಸ್ ಫಾರ್ವರ್ಡ್’ ಮುಟ್ಟಬೇಡಿ.
2. ಎರಡೂ ಸಿಮ್‌ನಲ್ಲಿ ಕಾಲ್ ವೇಟಿಂಗ್ ಆನ್ ಮಾಡಿ. ಆಗ ಒಂದರಲ್ಲಿ ಮಾತಾಡುವಾಗ ಇನ್ನೊಂದರ ಕರೆ ತಿರುಗಿ ಇದಕ್ಕೇ ಬಂದು ಬೀಪ್ ಆಗುತ್ತೆ. ಫಾರ್ವರ್ಡ್ ಆದ ಕರೆಗೆ ದುಡ್ಡು ಹಿಡೀತಾರಾ ಅಂತ ನಿಮ್ಮ ಪ್ಲಾನ್‌ನಲ್ಲಿ ನೋಡ್ಕೊಳ್ಳಿ.
3. ಡೇಟಾ ಒಂದು ಸಮಯಕ್ಕೆ ಒಂದೇ ಸಿಮ್‌ನಿಂದ ಬರುತ್ತೆ. ಡೇಟಾ ಇಲ್ಲದ ಸಿಮ್‌ನಲ್ಲಿ ಮಾತಾಡುವಾಗ ವಾಟ್ಸಾಪ್, ಯುಪಿಐ ನಿಂತುಹೋದ್ರೆ ‘ಡೇಟಾ ಡ್ಯೂರಿಂಗ್ ಕಾಲ್ಸ್’ ಅಥವಾ ‘ಆಟೋ ಡೇಟಾ ಸ್ವಿಚ್’ ಆನ್ ಮಾಡಿ.

ಒಂದು ಎಚ್ಚರಿಕೆ. ಯಾರೋ ಫೋನ್ ಮಾಡಿ ಸ್ಟಾರ್ ಇರುವ ಕೋಡ್ ಒತ್ತಿ ಅಂದ್ರೆ ಒತ್ತಬೇಡಿ. ನಿಮ್ಮ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸ್ಕೊಂಡು ಓಟಿಪಿ ಕದಿಯೋ ವಂಚನೆ ಇದು. ಇದೇ ಕಾರಣಕ್ಕೆ ಯುಎಸ್‌ಎಸ್‌ಡಿ ಕೋಡ್ ಮೂಲಕದ ಕಾಲ್ ಫಾರ್ವರ್ಡಿಂಗನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಟೆಲಿಕಾಂ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು.

ಯಾವ ಸಿಮ್ ಯಾವ ಕೆಲಸಕ್ಕೆ?

ಯುಪಿಐ ನೋಂದಣಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗುವಂತಿರಬೇಕು. ಆಮೇಲೆ ಹಣ ಕಳಿಸಲು ಯಾವ ಸಿಮ್‌ನ ಡೇಟಾ ಆದ್ರೂ ನಡೆಯುತ್ತೆ.

ಬ್ಯಾಂಕಿನ ಸಿಮ್ ಅಂತ ರೀಚಾರ್ಜ್ ಮಾಡದೆ ಮೂಲೆಗೆ ಹಾಕಬೇಡಿ. 90 ದಿನ ಬಳಕೆಯೇ ಇಲ್ಲದಿದ್ರೆ ಕಂಪನಿ ಪ್ರಿಪೇಯ್ಡ್ ನಂಬರನ್ನು ನಿಲ್ಲಿಸಬಹುದು, ಮುಂದೆ ಅದು ಬೇರೆಯವರ ಕೈಗೂ ಹೋಗಬಹುದು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತಂದ ತಿದ್ದುಪಡಿಯಂತೆ ಡೇಟಾ ಇಲ್ಲದ, ಬರೀ ಕರೆ-ಎಸ್ಸೆಮ್ಮೆಸ್ ಪ್ಯಾಕನ್ನು ಕಂಪನಿಗಳು ಕೊಡಲೇಬೇಕು. ಅದರ ಅವಧಿ 365 ದಿನದವರೆಗೂ ಇರಬಹುದು. ಹಳೇ ನಂಬರಿಗೆ ಅಂಥ ಪ್ಯಾಕ್ ಸಾಕು.

ಎರಡೂ ಸಿಮ್ ಒಂದೇ ಕಂಪನಿಯದ್ದು ಬೇಡ. ಹಾಗಂತ ಕಂಪನಿ ಬೇರೆ ಆದ ಮಾತ್ರಕ್ಕೆ ಟವರ್ ಬೇರೆ ಅಂತಲೂ ಅಲ್ಲ. ಒಂದೇ ಟವರಿನಲ್ಲಿ ಎರಡು ಮೂರು ಕಂಪನಿಗಳ ಆಂಟೆನಾ ಇರುತ್ತೆ. ಕರೆಂಟ್ ಹೋದಾಗ ನಿಮ್ಮ ತೋಟದಲ್ಲಿ ಎರಡೂ ಒಟ್ಟಿಗೇ ಸತ್ತುಹೋದ್ರೆ ಒಂದನ್ನು ಬದಲಿಸಿ ನೋಡಿ.

ತೋಟದಲ್ಲಿ ಒಂದು ಸಿಮ್‌ಗೆ ಸಿಗ್ನಲ್ಲೇ ಇಲ್ಲ ಅಂದ್ರೆ ಫೋನ್ ಅದನ್ನು ಹುಡುಕ್ತಾ ಹುಡುಕ್ತಾ ಬ್ಯಾಟರಿ ತಿನ್ನುತ್ತೆ. ತಗಡಿನ ಶೆಡ್ ಒಳಗಂತೂ ಇನ್ನೂ ಜಾಸ್ತಿ. ಅಲ್ಲಿರುವಷ್ಟು ಹೊತ್ತು ಆ ಸಿಮ್ಮನ್ನು ಆಫ್ ಮಾಡಿಡಿ, ಹೊರಬಂದಾಗ ಮರೆಯದೆ ಆನ್ ಮಾಡಿ.

ಮೋಟರ್ ಸ್ಟಾರ್ಟರಿನ ಸಿಮ್

ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಉಳಿದ ಸಿಮ್ಮನ್ನು ಅದಕ್ಕೆ ಹಾಕೋದುಂಟು. ಹಳೇ ಸ್ಟಾರ್ಟರುಗಳಲ್ಲಿ ಹೆಚ್ಚಿನವು 2ಜಿ ಮೇಲೆ ಕೆಲಸ ಮಾಡ್ತವೆ. 2016ರಲ್ಲಿ ಶುರುವಾದಾಗಿಂದಲೂ ಜಿಯೋಗೆ 2ಜಿ ಇಲ್ಲ, ಹಾಗಾಗಿ ಅದರ ಸಿಮ್ ಅಂಥ ಸ್ಟಾರ್ಟರಿನಲ್ಲಿ ನಡೆಯಲ್ಲ. ಸ್ಟಾರ್ಟರ್ 2ಜಿಯೋ 4ಜಿಯೋ ಅಂತ ಅಂಗಡಿಯಲ್ಲೇ ಕೇಳಿ, ಆಮೇಲೆ ಸಿಮ್ ತಗೊಳ್ಳಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಒಂದು ಸಿಮ್‌ನಲ್ಲಿ ಯಾರ ಜೊತೆಗಾದ್ರೂ ಮಾತಾಡ್ತಾ ಇರಿ, ಮನೆಯವರಿಂದ ಇನ್ನೊಂದಕ್ಕೆ ಕರೆ ಮಾಡಿಸಿ. ಬೀಪ್ ಬಂದ್ರೆ ಸರಿ. ಬರದಿದ್ರೆ ಮೇಲಿನ ಮೊದಲ ಎರಡು ಸೆಟ್ಟಿಂಗ್ ಮಾಡ್ಕೊಂಡು ಮತ್ತೆ ಪರೀಕ್ಷಿಸಿ.