ಬಲ, ಚಲನೆ, ಜವ: ನಮ್ಮೂರಿನ ಕಲ್ಲು ಕಲಿಸುವ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳಿಗೂ ಹಿರಿಯರಿಗೂ ಉಪಯುಕ್ತವಾಗುವ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ, ಕನ್ನಡದಲ್ಲಿಯೇ ವಿಜ್ಞಾನ ಕಲಿಸುತ್ತ ಬಂದ ನನಗೆ ಬಲ, ಚಲನೆ ಮತ್ತು ಜವದ ಪಾಠ ಅತ್ಯಂತ ಪ್ರಿಯವಾದುದು. ತಾಂಡೂರಿನ ಮಕ್ಕಳಿಗೆ ಇದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಕಲಿಯುವ ಪಾಠವಲ್ಲ. ಕಲ್ಲು ಹೇರಿದ ಲಾರಿಗಳು ಓಡಾಡುವ ಊರಿನಲ್ಲಿ ಇದು ಜೀವರಕ್ಷಣೆಯ ಪಾಠವೂ ಹೌದು.

ಜವ ಮತ್ತು ವೇಗ

ಒಂದು ವಸ್ತುವು ಕಾಲ ಕಳೆದಂತೆ ತನ್ನ ಸ್ಥಾನವನ್ನು ಬದಲಿಸಿದರೆ ಅದು ಚಲಿಸುತ್ತಿದೆ ಎನ್ನುತ್ತೇವೆ. ಅದು ಕ್ರಮಿಸಿದ ದೂರವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ದೊರೆಯುವುದು ಜವ. ರೈಲೊಂದು 70 ಕಿಲೋಮೀಟರ್ ದೂರವನ್ನು ಒಂದೂಕಾಲು ಗಂಟೆಯಲ್ಲಿ ಕ್ರಮಿಸಿದರೆ ಅದರ ಸರಾಸರಿ ಜವ ಗಂಟೆಗೆ 56 ಕಿಲೋಮೀಟರ್. ಜವದೊಡನೆ ದಿಕ್ಕನ್ನೂ ಹೇಳಿದರೆ ಅದು ವೇಗ. 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ ನಮ್ಮ ನಿಲ್ದಾಣವಿದೆಯಷ್ಟೆ. ಇಲ್ಲಿಂದ ವಾಡಿಯ ಕಡೆಗೂ ವಿಕಾರಾಬಾದಿನ ಕಡೆಗೂ ಎರಡು ಗಾಡಿಗಳು ಸಮಾನ ಜವದಿಂದ ಓಡಿದರೂ ಅವುಗಳ ವೇಗ ಒಂದೇ ಅಲ್ಲ, ಏಕೆಂದರೆ ದಿಕ್ಕು ಬೇರೆ. ಆಡುಮಾತಿನಲ್ಲಿ ನಾವು ಎರಡಕ್ಕೂ ವೇಗವೆಂದೇ ಹೇಳುತ್ತೇವೆ. ವಿಜ್ಞಾನದಲ್ಲಿ ಈ ಭೇದವನ್ನು ಮರೆಯಬಾರದು.

ಗತಿಯ ಲೆಕ್ಕಗಳು ನಮ್ಮ ಸೀಮೆಗೆ ಹೊಸವಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯು ಮುಂದೆ ಮಳಖೇಡವನ್ನು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು, ಮುಟ್ಟುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಸೊಗಸಾದ ಸಮಸ್ಯೆಯೊಂದನ್ನು ಒಡ್ಡಿದ್ದಾನೆ. ಹಾವೊಂದು ಗೊತ್ತಾದ ಗತಿಯಲ್ಲಿ ಬಿಲವನ್ನು ಪ್ರವೇಶಿಸುತ್ತಿದೆ. ಅದೇ ಕಾಲದಲ್ಲಿ ಅದರ ಬಾಲವೂ ಬೆಳೆಯುತ್ತಿದೆ. ಹಾವು ಪೂರ್ಣವಾಗಿ ಒಳಸೇರಲು ಎಷ್ಟು ಕಾಲ ಬೇಕು? ಒಳಹೋಗುವ ಗತಿಯಿಂದ ಬೆಳೆಯುವ ಗತಿಯನ್ನು ಕಳೆದು ಲೆಕ್ಕ ಮಾಡಬೇಕೆಂಬುದೇ ಇದರ ಮರ್ಮ. ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ಹೆಮ್ಮೆಯ ಸಂಗತಿ.

ಚಲಿಸುತ್ತಿರಲು ಬಲ ಬೇಕೇ?

ಈ ಪ್ರಶ್ನೆಗೆ ಬಹುಪಾಲು ಮಕ್ಕಳು ಮಾತ್ರವಲ್ಲ, ಹಿರಿಯರೂ 'ಬೇಕು' ಎಂದೇ ಉತ್ತರಿಸುತ್ತಾರೆ. ಎತ್ತು ಎಳೆಯುವುದನ್ನು ನಿಲ್ಲಿಸಿದರೆ ಬಂಡಿ ನಿಲ್ಲುತ್ತದೆಯಲ್ಲ ಎಂಬುದು ಅವರ ವಾದ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ, ನಮ್ಮೂರಿನ ಕಲ್ಲೇ ಸಾಕು. ಸ್ಟೂಲಿನ ಎರಡು ಕಾಲುಗಳ ನಡುವೆ ಒಂದು ರಬ್ಬರ್ ಬ್ಯಾಂಡ್ ಬಿಗಿಯಿರಿ. ಕೇರಂ ಆಟದ ಸ್ಟ್ರೈಕರನ್ನು ಅದಕ್ಕೆ ಒತ್ತಿ, ನಾಲ್ಕು ಬೆರಳಿನಷ್ಟು ಹಿಂದಕ್ಕೆಳೆದು ಬಿಡಿ. ಮೊದಲು ಪಾಲಿಷ್ ಆಗದ ಒರಟು ಚಪ್ಪಡಿಯ ಮೇಲೆ, ಬಳಿಕ ಪಾಲಿಷ್ ಆದ ಚಪ್ಪಡಿಯ ಮೇಲೆ, ಕೊನೆಗೆ ಅದರ ಮೇಲೆ ಸ್ವಲ್ಪ ಬೋರಿಕ್ ಪುಡಿ ಉದುರಿಸಿ, ಹೀಗೆ ಮಾಡಿ ದೂರವನ್ನು ಅಳೆಯಿರಿ. ನೂಕಿದ್ದು ಒಂದೇ ಪ್ರಮಾಣದಲ್ಲಿ. ಆದರೂ ಕಲ್ಲು ನುಣುಪಾದಷ್ಟೂ ಸ್ಟ್ರೈಕರ್ ಹೆಚ್ಚು ದೂರ ಸಾಗುತ್ತದೆ.

ಅಂದಮೇಲೆ ಅದನ್ನು ನಿಲ್ಲಿಸುವುದು ಯಾವುದು? ನೂಕಿದ ಬಲ ಮುಗಿದುಹೋದುದರಿಂದ ಅದು ನಿಲ್ಲುವುದಿಲ್ಲ. ಘರ್ಷಣೆ ಎಂಬ ಇನ್ನೊಂದು ಬಲ ಅದನ್ನು ನಿಲ್ಲಿಸುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಅದು ಸರಳರೇಖೆಯಲ್ಲಿ ಸಮಜವದಿಂದ ಸಾಗುತ್ತಲೇ ಇರುತ್ತಿತ್ತು. ಇಟಲಿಯ ಗೆಲಿಲಿಯೋ ಇಂಥ ವಿಚಾರಸರಣಿಯಿಂದಲೇ ಸತ್ಯದ ಸಮೀಪಕ್ಕೆ ಬಂದನು. 1687ರಲ್ಲಿ ನ್ಯೂಟನ್ ಇದನ್ನು ಚಲನೆಯ ಮೊದಲನೆಯ ನಿಯಮವಾಗಿ ಸಾರಿದನು. ವಸ್ತುವಿನ ಈ ಗುಣಕ್ಕೆ ಜಡತ್ವವೆಂದು ಹೆಸರು. ನಿಂತದ್ದು ನಿಂತೇ ಇರಬಯಸುವುದೂ ಓಡುವುದು ಓಡುತ್ತಲೇ ಇರಬಯಸುವುದೂ ಜಡತ್ವವೇ. ಬಲವು ಚಲನೆಗೆ ಕಾರಣವಲ್ಲ, ಚಲನೆಯ ಬದಲಾವಣೆಗೆ ಕಾರಣ. ಈ ಪಾಠದ ತಿರುಳೆಲ್ಲ ಈ ಒಂದು ವಾಕ್ಯದಲ್ಲಿದೆ.

ಎರಡನೆಯ ನಿಯಮವು ಈ ಬದಲಾವಣೆಯನ್ನು ಅಳೆಯುತ್ತದೆ. ವೇಗವು ಬದಲಾಗುವ ದರಕ್ಕೆ ವೇಗೋತ್ಕರ್ಷವೆಂದು ಹೆಸರು. ರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ ದೊರೆಯುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಂಗುಲ ದಪ್ಪದ ನಮ್ಮ ಚಪ್ಪಡಿಯ ರಾಶಿ ಸುಮಾರು 25 ಕಿಲೋಗ್ರಾಂ. ಭೂಮಿಯು ಅದನ್ನು ಸುಮಾರು 245 ನ್ಯೂಟನ್ ಬಲದಿಂದ ಎಳೆಯುತ್ತಿರುತ್ತದೆ. ಚಪ್ಪಡಿ ಎತ್ತುವ ಕಾರ್ಮಿಕನು ಪ್ರತಿಸಲವೂ ಈ ಬಲವನ್ನು ಎದುರಿಸುತ್ತಾನೆ.

ಲಾರಿಯ ಮುಂದೆ ಓಡಬಾರದೇಕೆ?

ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಈ ಜವದಿಂದ ಬರುವ ಲಾರಿಯ ಚಾಲಕನು ಅಡ್ಡಬಂದ ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯಿತೆನ್ನೋಣ. ಅಷ್ಟರಲ್ಲಿ ಲಾರಿ 10 ಮೀಟರ್ ಸಾಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಜವವು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ತಗ್ಗಿದರೆ ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 20 ಮೀಟರ್. ಜವವು 72 ಕಿಲೋಮೀಟರಿಗೆ, ಅಂದರೆ ಎರಡು ಪಟ್ಟಿಗೆ, ಏರಿದರೆ? ಮೊದಲ ಸೆಕೆಂಡಿನಲ್ಲಿ 20 ಮೀಟರ್, ಬ್ರೇಕಿನ ಬಳಿಕ 40 ಮೀಟರ್, ಒಟ್ಟು 60 ಮೀಟರ್. ಜವ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ಬ್ರೇಕಿನ ಬಲ ಅಷ್ಟೇ ಇದ್ದು, ಮಿತಿಮೀರಿ ಕಲ್ಲು ಹೇರಿ ರಾಶಿ ಒಂದೂವರೆ ಪಟ್ಟಾದರೆ ಆ ದೂರವೂ ಒಂದೂವರೆ ಪಟ್ಟಾಗುತ್ತದೆ.

ಇನ್ನೊಂದು ಅಪಾಯವನ್ನು ಹೇಳದಿರಲಾರೆ. ಲಾರಿಯ ಬ್ರೇಕ್ ಗಾಲಿಗಳನ್ನು ತಡೆಯುತ್ತದೆ, ಮೇಲಿರುವ ಕಲ್ಲನ್ನಲ್ಲ. ಬಿಗಿಯಾಗಿ ಕಟ್ಟದ ಚಪ್ಪಡಿಗಳು ಜಡತ್ವದಿಂದ ಮುಂದಕ್ಕೆ ನುಗ್ಗುತ್ತವೆ. ಕಲ್ಲಿನ ಹೇರಿನ ಮೇಲೆ ಕುಳಿತು ಪ್ರಯಾಣ ಮಾಡುವುದು ಸಾವನ್ನು ಆಹ್ವಾನಿಸಿದಂತೆ. ಕಲ್ಲಿನ ಕೆಲಸದ ಮನೆಗಳ ಮಕ್ಕಳು ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸಬೇಕು.

ರೈಲಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಘರ್ಷಣೆ ಕಡಿಮೆ. 72 ಕಿಲೋಮೀಟರ್ ಜವದ ಗಾಡಿಯ ಜವವು ಸೆಕೆಂಡಿಗೆ ಅರ್ಧ ಮೀಟರಿನಂತೆ ತಗ್ಗಿದರೆ ಅದು ನಿಲ್ಲಲು 400 ಮೀಟರ್ ಬೇಕು. ಚಾಲಕನು ನಮ್ಮನ್ನು ಕಂಡರೂ ಗಾಡಿಯನ್ನು ತಕ್ಷಣ ನಿಲ್ಲಿಸಲಾರ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾಯಿತು. ಆದರೂ ಇಲ್ಲಿಯ ಮನೆಗಳಲ್ಲಿ ಕನ್ನಡ ಉಳಿದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಕೇಳುವ ನಮ್ಮ ಮಕ್ಕಳು ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದುವರು. ವೇಗೋತ್ಕರ್ಷಕ್ಕೆ ತೆಲುಗಿನಲ್ಲಿ 'ತ್ವರಣಂ' ಎಂಬ ಹೆಸರಿದೆ, ಜವಕ್ಕೆ ಉರ್ದುವಿನಲ್ಲಿ 'ರಫ್ತಾರ್' ಎನ್ನುತ್ತಾರೆ. ಹೆಸರು ಯಾವುದಾದರೂ ತತ್ತ್ವ ಒಂದೇ. ತಾಯ್ನುಡಿಯಲ್ಲಿ ಒಮ್ಮೆ ಮನವರಿಕೆಯಾದ ತತ್ತ್ವವು ಯಾವ ಭಾಷೆಗೆ ಹೋದರೂ ಮಗುವಿನ ಕೈಬಿಡುವುದಿಲ್ಲ.

ಜಡತ್ವವು ಸಂಸ್ಥೆಗಳಿಗೂ ಉಂಟು. ಅವು ಮುನ್ನಡೆಯಲು ಹೊರಗಿನ ಬಲ ಬೇಕು. ಹಳೆಯ ವಿದ್ಯಾರ್ಥಿಗಳೂ ಪಾಲಕರೂ ಆ ಬಲವಾಗಲಿ, ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸಿ ವಿರಮಿಸುತ್ತೇನೆ.