ಪದ ಅವರದು, ಪದ್ಧತಿ ನಮ್ಮದು

ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲೆಂದು ನಾನಾ ದೇಶಗಳ ಜನ ಬರುತ್ತಾರೆ. ಅವರಿಗೂ ನಮ್ಮವರಿಗೂ ನಡುವಣ ಭಾಷೆ ಇಂಗ್ಲಿಷ್. ಪದಗಳೇನೋ ಒಂದೇ, ಮಾತಿನ ಪದ್ಧತಿ ಮಾತ್ರ ಬೇರೆ. ವಿನೋದ ಹುಟ್ಟುವುದು ಅಲ್ಲಿಯೇ.

ಮಧ್ಯಾಹ್ನವಾದರೆ ನಮ್ಮವರ ಮೊದಲ ಪ್ರಶ್ನೆ, ‘ಹ್ಯಾಡ್ ಯುವರ್ ಲಂಚ್?’ ನಮಗದು ‘ಊಟವಾಯಿತೆ?’ ಎಂಬ ಕುಶಲಪ್ರಶ್ನೆ. ‘ಇನ್ನೂ ಇಲ್ಲ’ ಎಂದ ವಿದೇಶೀಯರು ಔತಣಕ್ಕೆ ಕರೆ ಬಂದಿತೆಂದೇ ಭಾವಿಸಿಯಾರು! ಅವರು ನಡೆಯುತ್ತಲೇ ‘ಹೌ ಆರ್ ಯೂ?’ ಎಂದರೋ, ನಮ್ಮ ಹಿರಿಯರು ನಿಂತು ಮಂಡಿನೋವಿನ ವೃತ್ತಾಂತವನ್ನೆಲ್ಲ ಬಿಚ್ಚಿಯಾರು.

‘ಔಟ್ ಆಫ್ ಸ್ಟೇಷನ್’ ಎಂದರೆ ನಮಗೆ ಪರವೂರು. ಕಂಪನಿ ಸರ್ಕಾರದ ಕಾಲದಲ್ಲಿ ಅಧಿಕಾರಿಗಳು ಬೀಡುಬಿಟ್ಟ ಊರೇ ‘ಸ್ಟೇಷನ್’. ಅವರು ಹೊರಟುಹೋದರು, ಮಾತು ನಮ್ಮಲ್ಲಿ ಉಳಿಯಿತು. ಇಂದಿನ ಲಂಡನ್ನಿಗರಿಗೆ ಅದರಿಂದ ರೈಲು ನಿಲ್ದಾಣವೇ ನೆನಪಾದೀತು.

‘ಡೋಂಟ್ ಯೂ ಟೇಕ್ ಷುಗರ್?’ ಎಂದರೆ ನಮ್ಮವರು ‘ಯೆಸ್’ ಎನ್ನುತ್ತಾರೆ. ‘ಹೌದು, ಹಾಕಿಕೊಳ್ಳುವುದಿಲ್ಲ’ ಎಂದು ಅದರ ಭಾವ. ಆಂಗ್ಲರ ಕಿವಿಗೆ ಅದು ‘ಹಾಕಿಕೊಳ್ಳುತ್ತೇನೆ’. ಮಧುಮೇಹಿಯ ಕಾಫಿಗೆ ಎರಡು ಚಮಚ ಸಕ್ಕರೆ ಬಿದ್ದರೆ ಅದು ನಗೆಯ ಮಾತಲ್ಲ. ಇಂಥದನ್ನು ತಿದ್ದಿಕೊಳ್ಳುವುದೇ ಲೇಸು.

ಆದರೆ ‘ಐ ವಿಲ್ ಗೋ ಅಂಡ್ ಕಮ್’ ಎಂಬ ಬೀಳ್ಕೊಡುಗೆ? ಅರಿಯದವರು ಬಾಗಿಲು ತೆರೆದಿಟ್ಟು ಕಾದಾರು, ನಿಜ. ಬರಿದೆ ‘ಹೋಗುತ್ತೇನೆ’ ಎನ್ನುವುದು ಅಶುಭವೆಂದು ಬಗೆದ ಮನೆಗಳ ಮಾತು ಅದು. ವ್ಯಾಕರಣ ನಕ್ಕರೆ ನಗಲಿ. ಅದರೊಳಗಿನ ಹಾರೈಕೆಯನ್ನು ನಾವೇಕೆ ಬಿಡಬೇಕು?