ಗಣಿ ಮುಳುಗಿದರೂ ಗ್ರಂಥ ಉಳಿಯಲಿ

ರತ್ನವನ್ನು ತಿಜೋರಿಯಲ್ಲಿಡುವ ನಾವು ರತ್ನದ ಕುರಿತ ಪುಸ್ತಕವನ್ನು ರದ್ದಿಗೆ ಹಾಕುತ್ತೇವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ವರ್ಷಗಟ್ಟಲೆ ಅಲೆದು ನಾನು ಕೂಡಿಸಿದ ಖನಿಜ ಸಾಹಿತ್ಯದಲ್ಲಿ 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ವರದಿಗಳೂ ಇವೆ. ಅವು ನನಗೆ ದಕ್ಕಿದ್ದು ತೂಕದ ಲೆಕ್ಕದಲ್ಲಿ.

ಹಳೆಯ ಪುಸ್ತಕದಿಂದ ಇಂದಿನವರಿಗೇನು ಪ್ರಯೋಜನ? ಆಂಧ್ರಪ್ರದೇಶದ ಕೃಷ್ಣಾ ತೀರದ ಕೊಲ್ಲೂರು ವಜ್ರದ ಗಣಿಯನ್ನು ಫ್ರೆಂಚ್ ವರ್ತಕ ತಾವೆರ್ನಿಯೆ ವರ್ಣಿಸಿದ ಪ್ರವಾಸಕಥನ 1676ರಲ್ಲಿ ಪ್ರಕಟವಾಯಿತು. 1889ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್, ಆ ಗಣಿ ಯಾವುದೆಂದು ಗುರುತಿಸಿದರು. ಆ ಪ್ರದೇಶವೀಗ ಪುಲಿಚಿಂತಲ ಜಲಾಶಯದಡಿ ಇದೆ. ಅಂದಿನ ಗಣಿಯನ್ನು ಇನ್ನು ಗ್ರಂಥದಲ್ಲಷ್ಟೇ ಕಾಣಬಹುದು.

ಆದರೆ ಗ್ರಂಥ ಉಳಿದರೆ ಸಾಲದು, ಹತ್ತು ಜನರ ಕೈಗೆ ಸಿಗಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರತ್ನಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ್ದರಿಂದ ಆರ್. ಶಾಮಶಾಸ್ತ್ರಿಯವರು 1909ರಲ್ಲಿ ಅದನ್ನು ಮುದ್ರಿಸಲು ಸಾಧ್ಯವಾಯಿತು. ಪಂಡಿತರು ಅದನ್ನು ಮನೆಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರೆ?

ಅಮೆರಿಕದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಕಾರ್ಲ್ಸ್‌ಬ್ಯಾಡ್‌ನಲ್ಲಿರುವ ತನ್ನ ಗ್ರಂಥಾಲಯದ ಅಪರೂಪದ ಕೃತಿಗಳನ್ನು ಸ್ಕ್ಯಾನ್ ಮಾಡಿ, ಇಂಟರ್‌ನೆಟ್ ಆರ್ಕೈವ್ ಮೂಲಕ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಮಾಡಿದೆ. ನಮ್ಮಲ್ಲಿ ಇದಕ್ಕೆ ಕಾನೂನು ಅಡ್ಡಿಯೇ? ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಪ್ರಕಟಣೆಗಳ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. ಸಂಸ್ಥಾನ ಕಾಲದ ವರದಿಗಳು ಎಂದೋ ಸಾರ್ವಜನಿಕರ ಸೊತ್ತಾಗಿವೆ. ಕೊರತೆಯಿರುವುದು ಮನಸ್ಸಿಗೆ ಮಾತ್ರ.

ಎರವಲು ಕೊಟ್ಟ ಪುಸ್ತಕ ಮರಳಿ ಬಾರದೆಂಬ ಸಂಗ್ರಾಹಕರ ಅಳುಕು ನನಗೆ ಹೊಸದಲ್ಲ. ಮೊದಲು ಸ್ಕ್ಯಾನ್ ಮಾಡಿ ಆಮೇಲೆ ಹಂಚುವುದು ಅದಕ್ಕೆ ಮದ್ದು. ಆ ಕೆಲಸದಲ್ಲಿ ಎರಡು ಎಚ್ಚರಿಕೆ ಅಗತ್ಯ. ವರದಿಯ ಕೊನೆಯಲ್ಲಿ ಮಡಚಿಟ್ಟ ನಕಾಶೆಗಳನ್ನು ಪೂರ್ತಿಯಾಗಿ ಬಿಚ್ಚಿ ಚಿತ್ರಿಸಬೇಕು. ನಕಾಶೆಯಿಲ್ಲದ ಭೂವಿಜ್ಞಾನ ವರದಿ ಊರಿಲ್ಲದ ವಿಳಾಸದಂತೆ. ರತ್ನಗಳ ವರ್ಣಚಿತ್ರಗಳ ಬಣ್ಣ ಕೆಡಬಾರದು. ಬಣ್ಣವೇ ಅಲ್ಲಿ ಮಾಹಿತಿ. ಜೊತೆಗೆ ಊರು ಮತ್ತು ಖನಿಜಗಳ ಹೆಸರಿನ ಅಕಾರಾದಿ ಸೂಚಿಯೊಂದು ಕನ್ನಡದಲ್ಲಿದ್ದರೆ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಯೂ ತನ್ನ ಊರಿನ ಕಲ್ಲಿನ ಕಥೆಯನ್ನು ಹುಡುಕಿಕೊಂಡಾನು.

ನನ್ನ ಸಂಗ್ರಹದ ಪಟ್ಟಿಯನ್ನು ಪರಿಚಿತ ಅಧ್ಯಾಪಕರಿಗೆ ಕೊಟ್ಟಿದ್ದೇನೆ. ಕಾಲೇಜುಗಳ ಭೂವಿಜ್ಞಾನ ವಿಭಾಗಗಳು, ನಿವೃತ್ತ ಭೂವಿಜ್ಞಾನಿಗಳು ತಮ್ಮ ಕಪಾಟುಗಳ ಪಟ್ಟಿಯನ್ನೂ ಇದಕ್ಕೆ ಸೇರಿಸಲಿ. ಗೆದ್ದಲು ನಮ್ಮ ಒಪ್ಪಿಗೆಗಾಗಿ ಕಾಯುವುದಿಲ್ಲ.